ಎಡಗಾಲಿನ ಹೊಲಿಗೆ

ಗಂಟು ಇನ್ನೂ ಅಲ್ಲೇ ಇತ್ತು. ಬಂದ ಹಾಗೆಯೇ ಹೋಗಿಬಿಟ್ಟಿರಬಹುದೆಂಬ ಆಸೆಯಲ್ಲಿ, ಅಂಗಡಿಯ ಟ್ರಯಲ್ ಕೋಣೆಯ ಪರದೆ ಎಳೆದುಕೊಂಡು, ಹೊರಗಿನ ಸದ್ದಿಗೊಂದು ಕಿವಿ ಕೊಟ್ಟು, ಅವನು ಪ್ಯಾಂಟಿನೊಳಗೆ ಕೈ ಇಳಿಸಿ ನಿಂತಿದ್ದ. ಮೂರು ಕಡೆ ಹಲಗೆ, ಒಂದು ಕಡೆ ಪರದೆ. ಒಬ್ಬ ಮನುಷ್ಯ ಸೊಂಟ ಬಗ್ಗಿಸಿದರೆ ಹಿಂಭಾಗ ಹಲಗೆಗೆ ತಗಲುವಷ್ಟು ಜಾಗ. ಎದುರಿಗಿದ್ದ ನಿಲುವುಗನ್ನಡಿಯನ್ನು ಹಾಕಿಸಿದ್ದು ಅಪ್ಪ, ಗಿರಾಕಿ ತನ್ನನ್ನು ತಾನು ತಲೆಯಿಂದ ಹಿಮ್ಮಡಿಯವರೆಗೆ ಕಂಡು ಮೆಚ್ಚಿಕೊಳ್ಳಲಿ ಎಂದು. ಅವನು ಆ ಕನ್ನಡಿಗೆ ಬೆನ್ನು ಹಾಕಿದ್ದ. ಬಲಗಡೆಯದು ಎಂದಿನಂತೆ ನುಣುಪಾಗಿ, ಬೆರಳಿಗೆ ಸಿಕ್ಕಿಯೂ ಸಿಗದಂತೆ ಜಾರಿತು. ಎಡಗಡೆಯದು ಜಾರಲಿಲ್ಲ. ಮೊದಮೊದಲು ನೆನೆಹಾಕದ ಬಟಾಣಿಯಂತೆ ಒಂದು ಮೂಲೆಯಲ್ಲಿ ಅಂಟಿಕೊಂಡಿದ್ದದ್ದು ಈಗ ಅರ್ಧ ಭಾಗವನ್ನೇ ನುಂಗಿಕೊಂಡು, ಕೈಗೆ ಕಲ್ಲಿನ ಭಾರವನ್ನು ಕೊಡುತ್ತಿತ್ತು. ಒತ್ತಿದ. ನೋಯಲಿಲ್ಲ. ಇನ್ನೂ ಒತ್ತಿದ. ನೋಯಲೇ ಇಲ್ಲ. ಆ ನೋವಿಲ್ಲದಿರುವಿಕೆಯೇ ಇಷ್ಟು ಕಾಲ ಅವನ ಪರವಾಗಿ ವಾದಿಸುತ್ತ ಬಂದಿದ್ದ ವಕೀಲ: ಹಲ್ಲು ಹುಳುಕಾದರೆ ಲೋಕವೆಲ್ಲ ಕೇಳುವಂತೆ ನೋಯುತ್ತದೆ, ಉಗುರುಸುತ್ತಿಗೆ ಗಂಡಾಳು ಅಳುತ್ತಾನೆ, ಬಾಯಿಯೇ ಇಲ್ಲದ ಈ ಬಡಪಾಯಿ ಗಂಟು ಯಾರಿಗೇನು ಮಾಡೀತು?

“ಅಣ್ಣಾ, ಒಳಗೆ ಯಾರಿಗೆ ಟ್ರಯಲ್ಲು?” ಶಟರ್ ಎತ್ತುತ್ತ ತಮ್ಮ ಕೇಳಿದ.

“ಕನ್ನಡಿ ಒರೆಸ್ತಿದ್ದೆ.”

“ಒರೆಸು, ಒರೆಸು. ಕನ್ನಡಿ ಹೊಳೆದ್ರೆ ಮುಖ ಹೊಳೆಯುತ್ತೆ ಅಂತ ನಂಬ್ಕೊಂಡಿರೋನು ಊರಿಗೆಲ್ಲ ನೀನೊಬ್ಬನೇ.”

ತಮ್ಮನಿಗೆ ಮಾತು ಎಂದರೆ ಹೊಲಿಗೆ ಯಂತ್ರದ ಎಣ್ಣೆ. ಅದಿಲ್ಲದೆ ಅವನ ಕೈ ಓಡುತ್ತಿರಲಿಲ್ಲ. ಶರಟುಗಳೆಲ್ಲ ಅವನ ಪಾಲು, ಪ್ಯಾಂಟುಗಳು ಅಣ್ಣನ ಪಾಲು. ಅಪ್ಪ ಬದುಕಿದ್ದಾಗಲೇ ಮಾಡಿಟ್ಟ ಪಾಲು ಅದು. ಹೀಗಾಗಿ ಊರಿನ ಗಂಡಸರ ಸೊಂಟದ ಕೆಳಗಿನ ಸಮಾಚಾರವೆಲ್ಲ ಅಣ್ಣನ ಬೆರಳಿಗೆ ಗೊತ್ತು. ಯಾರ ಕಾಲು ಗಿಡ್ಡ, ಯಾರ ಹೊಟ್ಟೆ ಇಳಿಬಿದ್ದಿದೆ, ಯಾರಿಗೆ ಹರ್ನಿಯಾದ ಪಟ್ಟಿ ಇದೆ. ಗೊತ್ತಿದ್ದೂ ಗೊತ್ತಿಲ್ಲದಂತೆ ಟೇಪು ಹಿಡಿಯುವುದೇ ಕಸುಬಿನ ಮರ್ಯಾದೆ. ಅಳತೆ ತೆಗೆಯುವಾಗ ಮುಖ ಮೇಲೆತ್ತಬಾರದು, ಒಳಕಾಲಿಗೆ ಟೇಪು ಹಿಡಿದ ಹೊತ್ತು ಹವೆಯ ಬಗ್ಗೆಯೋ ರಸ್ತೆಯ ಬಗ್ಗೆಯೋ ಒಂದು ಮಾತು ಆಡಬೇಕು ಎಂದು ಅಪ್ಪ ಕಲಿಸಿದ್ದ. ಹಾಗೆ ಕಲಿತ ಮೌನವನ್ನು ಅವನು ತನ್ನ ಮೈಗೂ ಅನ್ವಯಿಸಿಕೊಂಡುಬಿಟ್ಟಿದ್ದ. ಸ್ನಾನದ ಮನೆಯಲ್ಲಿ, ಬಿಸಿನೀರು ಸುರಿದುಕೊಂಡು ಚರ್ಮ ಸಡಿಲವಾಗಿದ್ದ ಹೊತ್ತಿನಲ್ಲಿ, ಸೋಪಿನ ಜೊತೆ ಆ ಬಟಾಣಿ ಮೊದಲ ಬಾರಿಗೆ ಬೆರಳಿಗೆ ಸಿಕ್ಕಾಗ, ತಾನೇ ತನ್ನೆದುರು ಮುಖ ತಗ್ಗಿಸಿ, ನೀರು ಇವತ್ತು ಚೆನ್ನಾಗಿ ಕಾದಿದೆ ಎಂದುಕೊಂಡಿದ್ದ.

ಆಮೇಲೆ ಅವನು ಮಾಡಿದ್ದು ಬೇರೆ ಯಾವ ಗಂಡಸಿಗೂ ಮಾಡಲಾಗದ ಕೆಲಸ. ಯಂತ್ರದ ಮುಂದೆ ಕೂತಾಗ ಪ್ಯಾಂಟು ಎಡಗಡೆ ಬಿಗಿಯುತ್ತಿತ್ತು, ಕಾಲು ತುಳಿಯುವಾಗ ಬಟ್ಟೆ ಎಳೆದು ಕೂಗುತ್ತಿತ್ತು. ಬೇರೊಬ್ಬನಾಗಿದ್ದರೆ ಅವನ ಪ್ಯಾಂಟೇ ಅವನ ಕತ್ತು ಹಿಡಿದು ವೈದ್ಯರ ಬಾಗಿಲಿಗೆ ದೂಡುತ್ತಿತ್ತು. ಇವನು ದರ್ಜಿ. ತಮ್ಮ ಊಟಕ್ಕೆ ಹೋದ ಹೊತ್ತು ನೋಡಿ ಎಡಗಾಲಿನ ಒಳಹೊಲಿಗೆಯನ್ನು ಮೇಲಿನಿಂದ ಒಂದು ಗೇಣು ಬಿಚ್ಚಿದ. ಒಳಗೆ ಬಿಟ್ಟಿದ್ದ ಹೆಚ್ಚುವರಿ ಬಟ್ಟೆಯನ್ನು ಸ್ವಲ್ಪ ಹೊರಗೆಳೆದು, ಮತ್ತೆ ಹೊಲಿದು, ಇಸ್ತ್ರಿ ಒತ್ತಿದ. ತೊಟ್ಟುಕೊಂಡು ನಡೆದ. ಎಂಥ ಹಗುರ. ಗಂಟೇ ಹೋದಷ್ಟು ಹಗುರ. ಗಂಟು ಬೆಳೆದಂತೆಲ್ಲ ಹೊಲಿಗೆ ಹಿಂದೆ ಸರಿಯಿತು. ಬಂದ ಅತಿಥಿಗೆ ಮನೆಯವನು ಚಾಪೆ ಸರಿಸಿ ಜಾಗ ಬಿಡುವಂತೆ, ಮರ್ಯಾದೆಯಿಂದ. ಆದರೆ ನಿನ್ನೆ ಬಿಚ್ಚಿ ನೋಡಿದಾಗ ಒಳಗೆ ಹೆಚ್ಚುವರಿ ಬಟ್ಟೆ ಉಳಿದಿರಲಿಲ್ಲ. ಅಂಚಿನ ಎಳೆಗಳು ಮಾತ್ರ ಬೆರಳಿಗೆ ಸಿಕ್ಕವು. ಇನ್ನು ಸರಿಸಲು ಜಾಗವಿಲ್ಲ ಎಂಬುದು ಬಟ್ಟೆಯ ವಿಷಯವಾಗಿ ಹೊಳೆದದ್ದು ಎದೆಯಲ್ಲಿ ಹೋಗಿ ಕೂತು, ರಾತ್ರಿಯೆಲ್ಲ ಅಲ್ಲೇ ಇತ್ತು.

ಮನೆ ಅಂಗಡಿಯ ಮೇಲೆಯೇ. ಮಧ್ಯಾಹ್ನ ಅವನು ಮೆಟ್ಟಿಲೇರಿ ಬಂದಾಗ ಹೆಂಡತಿ ಕಿಟಕಿಯ ಹತ್ತಿರ ಕೂತಿದ್ದಳು. ಅಂಗಡಿಯ ಕಾಜ, ಗುಂಡಿ, ಅಂಚಿನ ಹೊಲಿಗೆಯೆಲ್ಲ ಅವಳದೇ ಕೈ. ಅವಳ ಮಡಿಲಲ್ಲಿ ಇದ್ದದ್ದು ಗಿರಾಕಿಯ ಬಟ್ಟೆಯಲ್ಲ. ಅವನದೇ ಬೂದುಬಣ್ಣದ ಪ್ಯಾಂಟು, ಒಳಮಗ್ಗುಲು ಹೊರಗಾಗಿ, ಕವಲೊಡೆದು ಬಿದ್ದಿತ್ತು. ಅವನ ಕಾಲು ಹೊಸ್ತಿಲಿನಲ್ಲೇ ನಿಂತಿತು.

“ಊಟಕ್ಕೆ ಹಾಕು,” ಎಂದ.

“ಹಾಕ್ತೀನಿ. ಇದೇನು ಇದು?”

“ಯಾವುದು?”

“ಹೊಲಿಗೆ ಬಿಚ್ಚಿದ್ದೀರಿ.”

“ದಪ್ಪ ಆಗಿದ್ದೀನಿ.”

“ದಪ್ಪ ಆಗೋರು ಎರಡೂ ಕಡೆ ಆಗ್ತಾರೆ. ಇಲ್ಲಿ ಎಡಗಾಲು ಒಂದೇ ಬಿಚ್ಚಿದ್ದೀರಿ. ಬೂದಿ ಪ್ಯಾಂಟಲ್ಲೂ ಹಾಗೇ, ಕಂದು ಪ್ಯಾಂಟಲ್ಲೂ ಹಾಗೇ. ಕಪ್ಪುದರಲ್ಲಿ ಇನ್ನೂ ಜಾಸ್ತಿ.”

ಅವನು ತೊಡೆಯಲ್ಲಿ ಕುರು ಎಂದ. ಕುರುವಾದವನು ಕುಂಟುತ್ತಾನೆ ಎಂದಳು ಅವಳು. ಅವನು ಸೈಕಲ್ ಸೀಟನ್ನು ಮಧ್ಯಕ್ಕೆ ತಂದ. ಸೈಕಲ್ ಮಾರಿ ಎಷ್ಟು ಕಾಲವಾಯಿತೆಂದು ಅವಳು ಕೇಳಿದಳು. ಸಿಟ್ಟು ಮಾಡೋಣವೆಂದು ದನಿ ಏರಿಸಲು ಹೋದ. ಏರಲಿಲ್ಲ. ಹೇಳಿಬಿಡೋಣವೆಂದರೆ ಹೇಳಲು ಬೇಕಾದ ಪದವೂ ಇರಲಿಲ್ಲ. ವೃಷಣ ಎಂಬುದು ಪುಸ್ತಕದ ಮಾತು, ಹೆಂಡತಿಯೆದುರು ಆಡಿದರೆ ಭಾಷಣವಾಗುತ್ತದೆ. ಇನ್ನೊಂದು ಬೀದಿಜಗಳದ ಮಾತು, ಆಡಿದರೆ ಬೈಗುಳವಾಗುತ್ತದೆ. ಗಂಡಸಿನ ಮೈಯ ಆ ಒಂದು ಅಂಗುಲಕ್ಕೆ, ಅದು ನೋಯದೆ ಸುಮ್ಮನೆ ಕಾಯಿಲೆ ಬಿದ್ದರೆ, ಮನೆಯೊಳಗೆ ಆಡಬಹುದಾದ ಒಂದು ಹೆಸರಿಲ್ಲವಲ್ಲ ಎಂದು ಅವನಿಗೆ ಎಲ್ಲ ಬಿಟ್ಟು ಭಾಷೆಯ ಮೇಲೆ ಕೋಪ ಬಂತು. ಕೊನೆಗೆ ಪ್ಯಾಂಟಿನ ಆ ಜಾಗವನ್ನು ಬೆರಳಿಟ್ಟು ತೋರಿಸಿ, “ಇಲ್ಲಿ ಗಂಟು,” ಎಂದ.

ಅವಳು ಪ್ಯಾಂಟನ್ನು ಮಡಿಸಿದಳು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು.

“ಅದಕ್ಕೇನಾ ಇಷ್ಟು ದಿನ ಗೋಡೆ ಕಡೆ ತಿರುಗಿ ಮಲಗ್ತಿದ್ರಿ?”

ಅವನು ಕೈ ಹಿಂದಕ್ಕೆ ತೆಗೆದುಕೊಂಡ.

“ನಾನು ಬೇಡ ಆಗಿದ್ದೀನಿ ಅಂದ್ಕೊಂಡಿದ್ದೆ,” ಎಂದಳು, ಬಟ್ಟೆಯನ್ನೇ ನೋಡುತ್ತ. “ಕನ್ನಡಿ ನೋಡ್ಕೊಂಡು ನೋಡ್ಕೊಂಡು ಸಾಕಾಗಿತ್ತು ನನಗೆ.”

ಈ ಮಾತಿಗೆ ಅವನು ಸಿದ್ಧನಾಗಿರಲಿಲ್ಲ. ಭಯವೆಂಬುದು ತನ್ನೊಬ್ಬನ ಸ್ವತ್ತು, ಅದನ್ನು ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗುವುದರಲ್ಲಿ ಯಾರಿಗೂ ನಷ್ಟವಿಲ್ಲವೆಂದು ನಂಬಿದ್ದ. ಆ ಜೇಬಿನ ತೂತಿನಿಂದ ಹನಿಹನಿಯಾಗಿ ಸೋರಿ ಅದು ಮಂಚದ ಆಚೆ ಬದಿಯನ್ನು ಒದ್ದೆ ಮಾಡಿದ್ದು ಅವನಿಗೆ ತಿಳಿದಿರಲಿಲ್ಲ.

“ಡಾಕ್ಟ್ರು ಇವತ್ತು ಟ್ರಯಲ್‌ಗೆ ಬರ್ತಾರಲ್ಲ,” ಎಂದಳು. “ನೀವೇ ಹೇಳ್ತೀರೋ, ನಾನು ಕೆಳಗೆ ಬಂದು ಹೇಳ್ಲೋ?”

“ತಮ್ಮ ಇರ್ತಾನೆ.”

“ಇದ್ರೆ ಇರ್ಲಿ. ಅವನೇನು ಹೆಣ್ಣಾ?”

ವೈದ್ಯರು ಬಂದಾಗ ತಮ್ಮ ಕಾಲರ್ ಹೊಲಿಯುತ್ತ ಯಾವುದೋ ಹಾಡು ಗುನುಗುತ್ತಿದ್ದ. ಬೀದಿಯ ಕೊನೆಯಲ್ಲಿ ಅವರ ದವಾಖಾನೆ. ಮಗಳ ಮದುವೆಗೆಂದು ಸೂಟು ಹೊಲಿಸುತ್ತಿದ್ದರು. ಸ್ಥೂಲಕಾಯ, ನಗುವ ಮುಖ. ಕೋಟಿನ ಅಳತೆ ನೋಡಿ, ಪ್ಯಾಂಟು ತೊಟ್ಟು ಟ್ರಯಲ್ ಕೋಣೆಯಿಂದ ಹೊರಬಂದು, ಕೈಗಳನ್ನು ಸ್ವಲ್ಪ ಅಗಲಿಸಿ ನಿಂತರು, ಪೊಲೀಸರಿಗೆ ಶರಣಾದವರಂತೆ. ಅವನು ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವರ ಕಾಲಬುಡದಲ್ಲಿ ಮೊಣಕಾಲೂರಿದ. ಸೂಜಿ ಬಾಯಲ್ಲಿರುವಾಗ ದರ್ಜಿ ಮಾತಾಡಬೇಕಿಲ್ಲ; ಅದೊಂದು ಸವಲತ್ತು. ಒಂದೊಂದೇ ಸೂಜಿ ತೆಗೆದು ಅಂಚಿಗೆ ಚುಚ್ಚುತ್ತ, ಬಾಯಿ ಖಾಲಿಯಾಗುವುದನ್ನು ಅವನು ಎಣಿಸುತ್ತಿದ್ದ. ತಲೆಯ ಮೇಲೆ, ಮೆಟ್ಟಿಲಿನ ನಡುವಿನ ತಿರುವಿನಲ್ಲಿ, ಎರಡು ಬರಿಗಾಲು ಬಂದು ನಿಂತಿದ್ದವು. ಮುಂದಿನ ಮೆಟ್ಟಿಲಿಗೆ ಇಳಿಯಲೋ ಬೇಡವೋ ಎನ್ನುವಂತೆ ಹೆಬ್ಬೆರಳು ಅಂಚನ್ನು ಮುಟ್ಟುತ್ತಿತ್ತು.

ಬಾಯಿ ಖಾಲಿಯಾಯಿತು. ಅವನು ಒಳಕಾಲಿಗೆ ಟೇಪು ಹಿಡಿದ. ಹವೆಯ ಮಾತು ಬರಲಿಲ್ಲ. ಮೆಟ್ಟಿಲಿನ ಒಂದು ಕಾಲು ಕೆಳಕ್ಕಿಳಿಯಿತು.

“ಡಾಕ್ಟ್ರೇ,” ಎಂದ, ನೆಲಕ್ಕೆ ಹೇಳುವಂತೆ. “ಎಡಗಡೆದು... ಸ್ವಲ್ಪ ಗಟ್ಟಿಯಾಗಿದೆ. ದೊಡ್ಡದೂ ಆಗಿದೆ.”

ತಲೆಯೆತ್ತಿದರೆ, ನಲವತ್ತು ವರ್ಷ ಊರಿನ ಮೈ ಮುಟ್ಟಿ ನೋಡಿದ ಮನುಷ್ಯನ ಮುಖದಿಂದ ನಗು ಇಳಿದುಹೋಗಿತ್ತು. ವೈದ್ಯರು ಗೋಣು ಬಗ್ಗಿಸಿ ತಮ್ಮನ್ನೇ ನೋಡಿಕೊಂಡರು. ಹೊಟ್ಟೆ ಅಡ್ಡ ಬಂತು. ಯಂತ್ರದ ಮುಂದೆ ಕೂತ ತಮ್ಮನ ಕಡೆ ಕಳ್ಳನೋಟ ಬೀರಿ, ದನಿ ತಗ್ಗಿಸಿದರು.

“ನನಗಾ? ಟೇಪಲ್ಲಿ ಗೊತ್ತಾಗುತ್ತಾ ಮಾಸ್ಟರ್?”

“ಅಯ್ಯೋ, ನಿಮಗಲ್ಲ. ನನಗೆ.”

ವೈದ್ಯರು ಬಿಟ್ಟ ಉಸಿರು ಅವನ ನೆತ್ತಿಗೆ ತಾಗಿತು. ನಗುತ್ತಾರೇನೋ ಎಂದುಕೊಂಡ, ನಗಲಿಲ್ಲ. “ನೋವಿದೆಯಾ?” ಎಂದರು. ಇಲ್ಲವೆಂದ, ಹೆಮ್ಮೆಯಿಂದಲೇ. ಅದನ್ನು ಕೇಳಿ ಅವರು ಸೂಜಿ ಚುಚ್ಚಿದ ಪ್ಯಾಂಟಿನಲ್ಲೇ ಚಪ್ಪಲಿ ಮೆಟ್ಟಿದರು. “ನಡೀರಿ ನನ್ ಜೊತೆ. ಈಗಲೇ.”

“ಪ್ಯಾಂಟು, ಡಾಕ್ಟ್ರೇ, ಸೂಜಿ...”

“ಚುಚ್ಚಿದ್ರೆ ಚುಚ್ಚಲಿ. ನೋವಾದ್ರೆ ಗೊತ್ತಾಗುತ್ತಲ್ಲ, ಅಷ್ಟೇ ತಾನೇ. ನೋವಿಲ್ಲದೇ ಇರೋದೇ ಇಲ್ಲಿ ಕಷ್ಟ.”

ದವಾಖಾನೆಯ ಮಂಚಕ್ಕೂ ಒಂದು ಪರದೆ ಇತ್ತು. ಎಷ್ಟೋ ಗಂಡಸರನ್ನು ಪರದೆಯೊಳಗೆ ಕಳಿಸಿ ಹೊರಗೆ ನಿಂತವನು ಈಗ ಒಳಗೆ ಮಲಗಿ, ಪ್ಯಾಂಟನ್ನು ಮೊಣಕಾಲಿಗಿಳಿಸಿ, ಹೆಂಚಿನ ಸಂದುಗಳನ್ನು ನೋಡುತ್ತಿದ್ದ. ಬೇರೆಯವರ ಬೆರಳು ಇಷ್ಟು ಮೆತ್ತಗಿರಬಹುದೆಂದು ಅವನು ಊಹಿಸಿರಲಿಲ್ಲ. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ಮಧ್ಯದಲ್ಲಿ ಮೊದಲು ಬಲಗಡೆಯದು, ಆಮೇಲೆ ಎಡಗಡೆಯದು, ನಿಧಾನವಾಗಿ ಉರುಳಿದವು. ವೈದ್ಯರು ದೀಪ ಆರಿಸಿ, ಪುಟ್ಟ ಟಾರ್ಚನ್ನು ಕೆಳಗಿನಿಂದ ಹಿಡಿದರು. ಬಲಗಡೆ ಚರ್ಮ ಮಂದವಾಗಿ ಕೆಂಪಾಯಿತು. ಎಡಗಡೆ ಕತ್ತಲೆ ಕತ್ತಲೆಯಾಗಿಯೇ ಉಳಿಯಿತು.

“ನೀರು ತುಂಬಿದ್ರೆ ಬೆಳಕು ದಾಟಿಬಿಡುತ್ತೆ,” ಎಂದರು, ದೀಪ ಹಾಕುತ್ತ. “ಇದು ಗಟ್ಟಿ. ಏನು ಅಂತ ಕೈಯಲ್ಲಿ ಹೇಳಕ್ಕಾಗಲ್ಲ. ಸ್ಕ್ಯಾನ್ ಇವತ್ತೇ ಆಗ್ಬೇಕು, ರಕ್ತಾನೂ ಕೊಡ್ಬೇಕು. ಯಾವಾಗಿಂದ ಇದೆ?”

“ಈಗೀಗ.”

“ಮಾಸ್ಟರ್.”

ಅವನು ಹೇಳಿದ: ಕಂದುಬಣ್ಣದ್ದನ್ನು ಮೊದಲು ಬಿಚ್ಚಿದ್ದು ಚಳಿ ಮುಗಿಯುವ ಹೊತ್ತಿಗೆ. ಬಿಚ್ಚಿದ್ದು, ಹೊಲಿದದ್ದು, ಮತ್ತೆ ಬಿಚ್ಚಿದ್ದು, ಬಟ್ಟೆ ಮುಗಿದದ್ದು. ವೈದ್ಯರು ಬೈಯಲಿಲ್ಲ. ಬೈದಿದ್ದರೆ ಮೇಲಿತ್ತು. ಅವರ ಕಣ್ಣು ಅವನ ತೊಡೆಸಂದಿನ ಮೇಲೆ, ಬಿಳಿಚಿಕೊಂಡ ಒಂದು ಹಳೆಯ ಗೀಟಿನ ಮೇಲೆ ನಿಂತಿತ್ತು.

“ಇದೇನು?”

“ಚಿಕ್ಕೋನಿದ್ದಾಗ ಹರ್ನಿಯಾ ಆಪರೇಷನ್ ಅಂತೆ.”

“ಅಂತೆ ಬೇಡ. ತಾಯಿ ಇದ್ದಾರಲ್ಲ, ಕೇಳಿ.”

ತಂಗಿಯ ಮನೆಯಲ್ಲಿದ್ದ ಅಮ್ಮನಿಗೆ ಅವನು ಆ ಮಂಚದ ಮೇಲೆಯೇ, ಹೊದಿಕೆ ಎಳೆದುಕೊಂಡು, ಫೋನು ಮಾಡಿದ. ಊಟ ಆಯಿತೇ ಎಂದು ಅವಳು ಕೇಳಿದಳು. ಆಯಿತೆಂದ. ಸೊಸೆ ಹೇಗಿದ್ದಾಳೆ ಎಂದಳು. ಚೆನ್ನಾಗಿದ್ದಾಳೆಂದ. ಆಮೇಲೆ ಕೇಳಿದ. ಆಚೆ ಕಡೆ ತಂಗಿಯ ಮನೆಯ ಪಾತ್ರೆಗಳ ಸದ್ದು ಸ್ವಲ್ಪ ಹೊತ್ತು ಕೇಳಿಸಿ, ಬಾಗಿಲು ಮುಚ್ಚಿದ ಸದ್ದಾಯಿತು.

“ಇದನ್ನೆಲ್ಲ ಫೋನಲ್ಲಿ ಕೇಳ್ತಾರೇನೋ?”

“ಡಾಕ್ಟ್ರು ಪಕ್ಕದಲ್ಲೇ ಇದ್ದಾರಮ್ಮ.”

“ಹರ್ನಿಯಾ ಅಂತ ಊರಿಗೆ ಹೇಳಿದ್ವಿ. ಹುಟ್ಟಿದಾಗ ನಿಂದು ಒಂದು ಕೆಳಗೆ ಇಳಿದಿರ್ಲಿಲ್ಲ. ಎಡಗಡೆದು. ಶಾಲೆಗೆ ಹಾಕೋ ವಯಸ್ಸಲ್ಲಿ ಕೊಯ್ದು ಇಳಿಸಿದ್ರು. ಅಂಥೋರಿಗೆ ಮುಂದೆ ಏನಾದ್ರೂ ಆಗೋದು ಸ್ವಲ್ಪ ಜಾಸ್ತಿಯಂತೆ, ಹುಡುಗ ದೊಡ್ಡೋನಾದ್ಮೇಲೆ ಆಗಾಗ ತಾನೇ ಮುಟ್ಟಿ ನೋಡ್ಕೊಳ್ಳಲಿ ಅಂದಿದ್ರು ಆ ಡಾಕ್ಟ್ರು. ತಾಯಿ ಹೆಂಗೋ ಹೇಳೋದು ಅದನ್ನ? ನಿಮ್ಮಪ್ಪನಿಗೆ ಒಪ್ಪಿಸಿದ್ದೆ. ಹೇಳಿದೆ ಅಂದ್ರು.” ಅವಳ ಉಸಿರು ಕೇಳಿಸಿತು. “ಹೇಳಿದ್ರು ತಾನೇ?”

ಹದಿನೈದರ ಹುಡುಗ ಅಂಗಡಿಯ ನಡುವೆ ನಿಂತಿದ್ದಾನೆ, ಮೊದಲ ಫುಲ್ ಪ್ಯಾಂಟಿಗೆ. ಅಪ್ಪ ಮೊಣಕಾಲೂರಿ ಒಳಕಾಲಿಗೆ ಟೇಪು ಹಿಡಿದಿದ್ದಾನೆ, ಹಿಡಿದವನು ಬಿಡುತ್ತಿಲ್ಲ. ಅಪ್ಪನ ಕಿವಿ ಕೆಂಪಗಾಗಿದೆ. ನೋಡಪ್ಪ, ಇನ್ನು ನೀನು ದೊಡ್ಡೋನಾದೆ, ಒಂದು ಮಾತು ನೆನಪಿಟ್ಕೋಬೇಕು, ಎನ್ನುತ್ತಾನೆ. ಹುಡುಗ ಕಾಯುತ್ತಾನೆ. ಅಪ್ಪ ಗಂಟಲು ಸರಿಮಾಡಿಕೊಂಡು, ಫುಲ್ ಪ್ಯಾಂಟು ಹಾಕಿದ ಮೇಲೆ ಶರಟು ಒಳಗೆ ಸೇರಿಸಬೇಕು, ಎಂದು ಟೇಪು ಸುತ್ತಿ ಎದ್ದುಬಿಡುತ್ತಾನೆ.

“ಹೇಳಿದ್ರಮ್ಮ,” ಎಂದ. “ನಾನೇ ಮರೆತಿದ್ದೆ.”

ವೈದ್ಯರು ಪರದೆಯ ಕಡೆ ತಿರುಗಿ ಕೈ ಒರೆಸಿಕೊಳ್ಳುತ್ತಿದ್ದರು. ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡರು.

ಸ್ಕ್ಯಾನಿನ ಕೋಣೆ ತಣ್ಣಗಿತ್ತು. ಹೆಂಡತಿ ಬಂದು ಸೇರಿಕೊಂಡಿದ್ದಳು, ಅವಳನ್ನು ಹೊರಗೆ ಕೂರಿಸಿದರು. ಸ್ಕ್ಯಾನ್ ಮಾಡುವ ಹೆಂಗಸು ಅವನ ಮುಖವನ್ನೂ ನೋಡದೆ, ಅವನ ಮಾನವನ್ನೂ ನೋಡದೆ, ಸ್ಕ್ಯಾನ್ ಯಂತ್ರದ ಪರದೆಯ ಮೇಲಿನ ಬೂದುಬಣ್ಣವನ್ನು ಮಾತ್ರ ನೋಡಿದಳು. ತಾನು ಅಳತೆ ತೆಗೆಯುವಾಗಲೂ ಜನ ಹೀಗೇ ಛಾವಣಿಯನ್ನು ಓದುತ್ತಿದ್ದರೇನೋ ಎಂದುಕೊಂಡ. “ಉಸಿರಾಡಿ,” ಎಂದಳು ಅವಳು; ಆಗ ಗೊತ್ತಾಯಿತು, ಆಡುತ್ತಿರಲಿಲ್ಲ. ಅವಳ ಕೈ ಒಂದೇ ಕಡೆ ನಿಂತು, ಮುಂದೆ ಹೋಗಿ, ಮತ್ತೆ ಅಲ್ಲಿಗೇ ಬಂತು. ಏನು ಕಾಣಿಸುತ್ತಿದೆ ಎಂದು ಕೇಳಲು ಬಾಯಿ ತೆರೆದ. ಈಗ ಬಾಯಲ್ಲಿ ಒಂದೂ ಸೂಜಿ ಇರಲಿಲ್ಲ, ಆದರೂ ಮಾತು ಹೊರಡಲಿಲ್ಲ.

ವರದಿ ಓದಿದ ವೈದ್ಯರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಗಡ್ಡೆ ಬೀಜದ ಒಳಗೇ ಇದೆ, ಗಟ್ಟಿಯಾಗಿದೆ. ಸೂಜಿ ಹಾಕಿ ಪರೀಕ್ಷೆ ಮಾಡುವ ಜಾತಿಯಲ್ಲ ಇದು. ತೊಡೆಸಂದಿನ ಮೂಲಕ ಪೂರ್ತಿಯಾಗಿ ತೆಗೆದು, ಆಮೇಲೆ ನೋಡುತ್ತಾರೆ. ನಾಳೆ ದೊಡ್ಡಾಸ್ಪತ್ರೆಯ ಶಸ್ತ್ರವೈದ್ಯರು ನೋಡುತ್ತಾರೆ, ತಾವು ಅವರೊಡನೆ ಮಾತಾಡಿಯಾಗಿದೆ ಎಂದರು.

“ಕ್ಯಾನ್ಸರಾ?” ಹೆಂಡತಿ ಕೇಳಿದಳು. ಅವನಾಗಿದ್ದರೆ ಕೇಳುತ್ತಿರಲಿಲ್ಲ.

“ಇರಬಹುದಮ್ಮ. ಇರಬಹುದು ಅಂತಲೇ ಇಟ್ಕೊಂಡು ಮುಂದೆ ಹೋಗೋಣ. ಬೇಗ ಹಿಡಿದ್ರೆ ತುಂಬಾ ಜನಕ್ಕೆ ಪೂರ್ತಿ ಗುಣ ಆಗುತ್ತೆ. ಹರಡಿದ್ರೂ ಔಷಧಿ ಕೇಳುವಂಥದ್ದು. ಎಷ್ಟು ಬೇಗ ಹಿಡಿದ್ವಿ ಅನ್ನೋದು ಮುಂದಿನ ಸ್ಕ್ಯಾನಲ್ಲಿ ಗೊತ್ತಾಗುತ್ತೆ.”

“ಒಂದು ತೆಗೆದ್ರೆ...” ಎಂದು ಅವನು ಶುರುಮಾಡಿ ನಿಲ್ಲಿಸಿದ.

“ಇನ್ನೊಂದು ಚೆನ್ನಾಗಿದ್ರೆ ಎಲ್ಲಕ್ಕೂ ಸಾಕು. ಗಂಡಸ್ತನಕ್ಕೂ ಸಾಕು, ಸಂಸಾರಕ್ಕೂ ಸಾಕು.” ಹೆಂಡತಿಯ ಕಡೆ ನೋಡದೆ ಇಷ್ಟು ಹೇಳಿ, ಅವರು ಕನ್ನಡಕ ತೆಗೆದರು. “ಮಾಸ್ಟರ್, ನಿಮ್ಮ ತಮ್ಮನ ವಯಸ್ಸೆಷ್ಟು?”

ಹೇಳಿದ.

“ಒಡಹುಟ್ಟಿದೋರಿಗೂ ಸ್ವಲ್ಪ ಹುಷಾರು ಬೇಕು. ತಿಂಗಳಿಗೊಂದು ಸಲ, ಬಿಸಿನೀರು ಸ್ನಾನ ಆದ್ಮೇಲೆ, ನಾನು ಮಾಡಿದ್ನಲ್ಲ, ಹಾಗೆ ಬೆರಳಲ್ಲಿ ಉರುಳಿಸಿ ನೋಡ್ಕೊಳ್ಳಲಿ. ಒಂದು ಕೆಳಗಿರೋದು, ಒಂದು ದಪ್ಪ ಇರೋದು ಎಲ್ಲರಿಗೂ ಇರುತ್ತೆ. ಹಿಂದಗಡೆ ಮೆತ್ತಗೆ ಹುರಿ ಥರ ಸಿಕ್ಕಿದ್ರೂ ಗಾಬರಿ ಬೇಡ. ಮೊದಲು ಇಲ್ಲದ್ದು ಬಂದಿದ್ರೆ, ಗಟ್ಟಿಯಾಗಿದ್ರೆ, ಭಾರ ಆಗಿದ್ರೆ, ಅವತ್ತೇ ಬರ್ಲಿ. ನೋವಿಲ್ಲ ಅಂತ ಕಾಯೋದು ಬೇಡ. ನೀವೇ ಹೇಳಿ.”

ಬೀದಿ ಎಂದಿನಂತೆಯೇ ಇತ್ತು, ಅದೇ ಅವಮಾನವೆನಿಸಿತು. ಹೆಂಡತಿ ಅರ್ಧ ಹೆಜ್ಜೆ ಮುಂದೆ ನಡೆಯುತ್ತಿದ್ದಳು; ಹಿಂದೆ ಬಿದ್ದರೆ ಅವನು ಎಲ್ಲಿ ನಿಂತುಬಿಡುತ್ತಾನೋ ಎಂಬಂತೆ ಆಗಾಗ ತಿರುಗುತ್ತಿದ್ದಳು. ನಾಳೆ ಎಂಬುದು ಹಲಗೆಯ ಗೋಡೆಯಂತೆ ಎದುರಿಗೆ ನಿಂತಿತ್ತು. ಬೆನ್ನ ಹಿಂದೆ ಕಳೆದುಹೋದ ತಿಂಗಳುಗಳ ಗೋಡೆ. ಎರಡರ ನಡುವೆ ಈ ಸಂಜೆಯಷ್ಟೇ ಅಗಲದ ಜಾಗ. ಆ ಜಾಗದಲ್ಲಿ ಮಾಡಬೇಕಾದ ಒಂದು ಕೆಲಸ. ಶಸ್ತ್ರವೈದ್ಯರ ಚಾಕುವಿಗಿಂತ ಅದೇ ಹೆಚ್ಚು ಹೆದರಿಸುತ್ತಿತ್ತು. ಹೆಂಡತಿ ಮೆಟ್ಟಿಲೇರಿ ಹೋದಳು. ಹೋಗುವಾಗ ಅಂಗಡಿಯ ಕಡೆ ಗೋಣು ಆಡಿಸಿದಳು, ಅಷ್ಟೇ.

“ಬಾರಪ್ಪ,” ಎಂದ ತಮ್ಮ, ಯಂತ್ರ ನಿಲ್ಲಿಸದೆ. “ಸೂಜಿ ಚುಚ್ಚಿದ ಪ್ಯಾಂಟಲ್ಲೇ ಗಿರಾಕಿ ಓಡಿಹೋಗೋ ಹಾಗೆ ಅಳತೆ ತೆಗೆದ ದರ್ಜಿ, ನಮ್ಮ ವಂಶದಲ್ಲಿ ನೀನೇ ಮೊದಲು. ಏನು ಮಾಡಿದೆ ಅವರಿಗೆ?”

ಅವನು ತಮ್ಮನ ಯಂತ್ರದ ಚಕ್ರದ ಮೇಲೆ ಅಂಗೈ ಇಟ್ಟ. ಸದ್ದು ನಿಂತಿತು. ನಿಂತ ಮೇಲೆ ಅಂಗಡಿ ಎಷ್ಟು ಚಿಕ್ಕದೆಂದು ಕಂಡಿತು. ಶರಟು, ರಸ್ತೆ, ಹವೆ, ನೂಲಿನ ಬಣ್ಣ, ಆಡಬಹುದಾದ ಮಾತುಗಳೆಲ್ಲ ನಾಲಿಗೆಯ ತುದಿಗೆ ಸಾಲಾಗಿ ಬಂದು, ನನ್ನನ್ನು ಆಡು, ನನ್ನನ್ನು ಆಡು ಎಂದವು. ಕಿವಿ ಬಿಸಿಯಾಗುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು. ಕಣ್ಣು ತಗ್ಗಿಸಲಿಲ್ಲ.

“ನನಗೆ ಬೀಜದಲ್ಲಿ ಗಡ್ಡೆ ಆಗಿದೆ,” ಎಂದ. “ತೆಗೀತಾರೆ. ನೀನೂ ನಿಂದು ಮುಟ್ಟಿ ನೋಡ್ಕೋಬೇಕು. ಹೆಂಗೆ ಅಂತ ಹೇಳ್ತೀನಿ.”

ತಮ್ಮ ಅವನನ್ನು ನೋಡಿದ. ತುಟಿಯ ಮೂಲೆ ಅದುರಿತು. ನಗು ಅವನ ಕೈಮೀರಿ, ಮೂಗಿನಿಂದ ಮೊದಲು, ಆಮೇಲೆ ಹೊಟ್ಟೆಯಿಂದ, ಹುಡುಗರಿಬ್ಬರೂ ಒಂದೇ ಹೊದಿಕೆಯೊಳಗೆ ಮಲಗುತ್ತಿದ್ದ ಕಾಲದ ನಗು, ಉಕ್ಕಿಕೊಂಡು ಬಂತು. ಕಣ್ಣಲ್ಲಿ ನೀರು ಬಂದಿತ್ತು, ನಗುವಿನದೋ ಇನ್ನೊಂದರದೋ ಹೇಳುವಂತಿರಲಿಲ್ಲ. ಅಣ್ಣ ಸ್ಟೂಲು ಎಳೆದುಕೊಂಡು ಎದುರಿಗೆ ಕೂತ.

“ನಕ್ಕು ಮುಗಿಸು,” ಎಂದ. “ಆಮೇಲೆ ಇನ್ನೊಂದು ಸಲ ಹೇಳ್ತೀನಿ.”